ಎಶ್ಕಾಳ ಅಗುಳಿ

ಹೆಣದ ಬಿಗಿದುಕೊಂಡಿದ್ದ ಬಲಗೈ ಬೆರಳುಗಳನ್ನು ಬೊರೋನ್ ಬಾಯಿಯ ಬಿಸಿ ಊದಿ ಊದಿ ಒಂದೊಂದಾಗಿ ಬಿಡಿಸಿದ. ಎಲ್ಲ ಬೆರಳೂ ಸಡಿಲವಾದ ಮೇಲೆ, ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದ.

"ಎಲ್ಲಿ, ಅಗುಳಿ ಕೊಡಿ."

ಯಾರೂ ಏನೂ ಕೊಡಲಿಲ್ಲ. ಹಿಮದ ಮೇಲಿನ ಜಾರುಬಂಡಿಯ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂಡಿಯ ಮೇಲೆ ಎಶ್ಕಾ ಕುತ್ತಿಗೆಯವರೆಗೂ ಕಡಲನಾಯಿ ಚರ್ಮ ಸುತ್ತಿಸಿಕೊಂಡು, ಬಲಗೈ ಒಂದನ್ನು ಮಾತ್ರ ಹೊರಗಿಟ್ಟುಕೊಂಡು ಮಲಗಿದ್ದಳು. ಬದುಕಿದ್ದಾಗ ಯಾರ ಮುಂದೆಯೂ ಕೈ ಚಾಚದ ಮುದುಕಿ ಈಗ ಅಂಗೈ ಬಿಚ್ಚಿ ಏನನ್ನೋ ಕೇಳುತ್ತಿರುವಂತೆ ಕಾಣುತ್ತಿತ್ತು.

ಹೆರ್ಮೋಲದಲ್ಲಿ ಸತ್ತವರು ಬರಿಗೈಯಲ್ಲಿ ಹೋಗುವಂತಿಲ್ಲ. ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಹಳೆಯ ಹಡಗಿನ ಹುಟ್ಟಿನ ಮರದ ಒಂದು ತುಂಡು ಸಿಗುತ್ತದೆ. ಅದನ್ನು ತಾವೇ ಕೆತ್ತಿ ಬಾಗಿಲಿಗೆ ಒಳಗಿನಿಂದ ಹಾಕುವ ಅಗುಳಿ ಮಾಡಿಕೊಳ್ಳಬೇಕು; ಸತ್ತಾಗ ಅದನ್ನೇ ಕೈಯಲ್ಲಿ ಹಿಡಿದು ಹೋಗಬೇಕು. ನಮ್ಮ ಹಿಂದಿನವರ ಬಾಗಿಲಿಗೆ ಅಗುಳಿ ಇದ್ದದ್ದು ಹೊರಗಡೆ. ಹಾಕುವವನೂ ಯಜಮಾನ, ತೆಗೆಯುವವನೂ ಯಜಮಾನ. ಸಂಕೋಲೆ ಕಡಿದುಕೊಂಡು, ಯಾರೂ ಬೆನ್ನಟ್ಟಿ ಬರಲಾರದಷ್ಟು ಚಳಿಯಿರುವ ಈ ತುದಿಗೆ ಹುಟ್ಟು ಹಾಕಿಕೊಂಡು ಬಂದವರು ಇಲ್ಲಿ ಮೊದಲು ಮಾಡಿದ್ದು ಅಗುಳಿಯಂತೆ, ಆಮೇಲೆ ಗೋಡೆಯಂತೆ. ಗೋಡೆಯಿಲ್ಲದೆ ಅಗುಳಿ ಯಾವುದಕ್ಕೆ ಹಾಕಿದರು ಎಂದು ಕೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ.

"ತುಮೆಲ್, ನಿನ್ನೆ ಒಳಗಿಳಿದವನು ನೀನು," ಎಂದಳು ಕೆಲ್ತಾ. ಊರಿನ ಹೆಣಗಳಿಗೆಲ್ಲ ಚರ್ಮ ಸುತ್ತುವವಳು ಅವಳೇ. ಬಾಯಿ ಮಾತ್ರ ಎಂದೂ ಸುತ್ತಿಟ್ಟವಳಲ್ಲ. "ಅಗುಳಿ ತೆಗೆದು ಎಲ್ಲಿಟ್ಟೆ?"

"ಇಲ್ಲೇ ಎಲ್ಲೋ ಇರ್ಬೇಕು."

"ಹೊಗೆಗಂಡಿಲಿ ತೂರೋ ಮೈ ಊರಲ್ಲಿ ನಿನಗೊಬ್ಬನಿಗೇ ಇರೋದು ಅಂತ ಕಳ್ಸಿದ್ವಿ. ತಲೆಗೂ ಹೊಗೆನೇ ತುಂಬ್ಕೊಂಡು ಬಂದ್ಯಾ?"

ತುಮೆಲ್ ಬೂಟಿನ ತುದಿಯಿಂದ ಹಿಮ ಕೆದಕತೊಡಗಿದ. ಆ ಬೂಟು ಎಶ್ಕಾ ಹೊಲಿದದ್ದು. ಅಲ್ಲಿ ನಿಂತಿದ್ದವರೆಲ್ಲರ ಕಾಲಲ್ಲಿದ್ದದ್ದೂ ಅವಳು ಹೊಲಿದದ್ದೇ. ಹರಿದದ್ದನ್ನು ಅವಳ ಹೊಸಿಲ ಮುಂದೆ ಇಟ್ಟು ಹೋಗುವುದು, ಎರಡು ದಿನ ಬಿಟ್ಟು ಹೊಲಿದದ್ದನ್ನು ಅದೇ ಹೊಸಿಲಿಂದ ಎತ್ತಿಕೊಂಡು ಬರುವುದು. ಪಕ್ಕದಲ್ಲಿ ಒಂದು ಮೀನು ಇಟ್ಟರಾಯಿತು. ನಿನ್ನೆಯವರೆಗೆ ಅವಳ ಮನೆಯ ಒಳಗೆ ಏನಿದೆ ಎಂದು ನೋಡಿದವರು ಊರಲ್ಲಿ ಯಾರೂ ಇರಲಿಲ್ಲ, ನಾಯಿರಾ ಒಬ್ಬಳನ್ನು ಬಿಟ್ಟು.

"ಹೊತ್ತು ಗುಡ್ಡದ ಮೇಲೆ ಬಂತು. ಇಳಿಯೋದ್ರೊಳಗೆ ಕಲ್ಲು ಮುಚ್ಚಬೇಕು," ಎಂದ ಬೊರೋನ್. "ಅಗುಳಿ ಇಲ್ದೆ ನಾನು ಬಂಡಿ ಎಳೆಯೋನಲ್ಲ. ನಾಯಿರಾ, ನಿನಗೆ ಆ ಮನೆ ಗೊತ್ತು. ಒಂದ್ಸಲ ನೋಡ್ತೀಯಾ?"

ನಾಯಿರಾ ದೂರದಲ್ಲಿ ಮಗಳು ಸೂಮೆಯ ಜೊತೆ ನಿಂತಿದ್ದಳು. ಬೆಳಗಿನಿಂದ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು.

*

ನಾಯಿರಾಳ ತಾಯಿ ಕಾಲಡಿಯ ಮಂಜುಗಡ್ಡೆ ಬಿರಿದು ಕಡಲಪಾಲಾದಾಗ, ಮಗುವನ್ನು ಯಾರು ಸಾಕಬೇಕು ಎಂದು ಊರು ಚರ್ಚೆ ಮಾಡುತ್ತಾ ಕೂತಿತ್ತು. ಎಶ್ಕಾ ಚರ್ಚೆಗೆ ಬಂದಿರಲಿಲ್ಲ. ಸಂಜೆ ಬಂದು ಮಗುವಿನ ಕಾಲಿನ ಅಳತೆ ತೆಗೆದುಕೊಂಡಳು, ಮರುದಿನ ಬೂಟು ತಂದು ತೊಡಿಸಿದಳು, ಕೈ ಹಿಡಿದು ನಡೆಸಿಕೊಂಡು ಹೋದಳು. ಸಂಬಂಧವಲ್ಲ, ನಂಟಲ್ಲ.

ಚರ್ಮವನ್ನು ಹಲ್ಲಲ್ಲಿ ಕಚ್ಚಿ ಮೆದು ಮಾಡಿ ಮಾಡಿ ಅವಳ ಮುಂದಿನ ಹಲ್ಲುಗಳು ಒಸಡಿನವರೆಗೂ ಸವೆದಿದ್ದವು. ಹಡಗಿನಲ್ಲಿ ಬಂದವರ ಪೈಕಿ ಉಳಿದವಳು ಅವಳೊಬ್ಬಳೇ, ಆದರೆ ಬಂದಾಗ ಇನ್ನೂ ಸೊಂಟದ ಕೂಸಾಗಿದ್ದವಳನ್ನು ಹಿರಿಯಳೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಟ್ಟಿದ್ದು ಹೊರಗಿನಿಂದ ಅಗುಳಿ ಹಾಕಿದ ಕೊಟ್ಟಿಗೆಯಲ್ಲಿ. ಅದರ ನೆನಪು ಇರಲಿಕ್ಕಿಲ್ಲ. ಆದರೂ ಮಲಗುವ ಮೊದಲು ತನ್ನ ಅಗುಳಿಯನ್ನು ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಳು. ಪುಟ್ಟ ನಾಯಿರಾ ಹಾಸಿಗೆಯಿಂದ ಅದನ್ನೇ ನೋಡುತ್ತಿದ್ದಳು. ಆ ಕಪ್ಪು ಮರದ ತುದಿಯಲ್ಲಿ ಮೀನಿನ ಕಣ್ಣಿನಂಥ ಒಂದು ಗಂಟಿತ್ತು. ದೀಪದ ಬೆಳಕಿಗೆ ಅದು ಹೊಳೆಯುತ್ತಿತ್ತು.

"ಅದು ನಮ್ಮನ್ನ ನೋಡ್ತದಾ?"

"ನೋಡ್ಲಿ ಬಿಡು. ನಿದ್ದೆ ಬರದೆ ಇರೋದು ಅದಕ್ಕೊಂದಕ್ಕೇ," ಎನ್ನುತ್ತಿದ್ದಳು ಎಶ್ಕಾ.

*

ನಮ್ಮಲ್ಲಿ ಬಾಗಿಲು ತಟ್ಟಿದ ಮೇಲೆ ಒಳಗೆ ಅಗುಳಿ ಸರಿದ ಸದ್ದಿಗೆ ಕಾಯಬೇಕು. ಸದ್ದು ಕೇಳಿದರೆ ಒಳಗೆ, ಕೇಳದಿದ್ದರೆ ಬಂದ ದಾರಿ. ಒಳಗಿನಿಂದ "ಬಾ" ಎಂದು ಕೂಗಿದರೂ ಲೆಕ್ಕಕ್ಕಿಲ್ಲ. ಬಾಯಿಗೆ ಬಲವಂತ ಮಾಡಬಹುದು, ಅಗುಳಿಗೆ ಆಗದು ಎನ್ನುವುದು ಇಲ್ಲಿಯ ಗಾದೆ. ಸದ್ದು ಕೇಳದೆ ತಳ್ಳಿದವರನ್ನು ಯಜಮಾನ ಎನ್ನುತ್ತೇವೆ, ಹೆಂಗಸಾದರೆ ಯಜಮಾನಿ. ಅದಕ್ಕಿಂತ ಕೆಟ್ಟ ಬೈಗುಳ ನಮ್ಮ ಭಾಷೆಯಲ್ಲಿಲ್ಲ.

ನಾಯಿರಾಗೆ ಮದುವೆಯಾಗಿ, ಪಕ್ಕದ ಮನೆಯಲ್ಲೇ ಬೇರೆ ಸಂಸಾರ ಹೂಡಿ, ಸೂಮೆ ಹುಟ್ಟಿದ ಚಳಿಗಾಲ ಅದು. ಬಲೆಯಲ್ಲಿ ಮೀನು ಬಿದ್ದಿದೆಯೆಂದು ಕೂಗು ಬಂದಾಗ ಮಗುವನ್ನು ಮಲಗಿಸಿ ಓಡಿದ್ದಳು. ಹಿಂತಿರುಗಿದಾಗ ಒಳಗೆ ಎಶ್ಕಾ ಕೂತಿದ್ದಳು, ಮಡಿಲಲ್ಲಿ ಸೂಮೆ.

"ತುಂಬಾ ಅಳ್ತಿತ್ತು ಕಣೇ. ಉಸಿರು ಕಟ್ಟೋ ಹಾಗೆ ಅಳ್ತಿತ್ತು."

ನಾಯಿರಾಳ ಹಿಂದೆ ಬಲೆಯಿಂದ ಬಂದ ನೆರೆಹೊರೆಯವರೆಲ್ಲ ಇದ್ದರು. ಎಲ್ಲರೂ ನೋಡುತ್ತಿದ್ದರು. ಆ ನಾಚಿಕೆಯಲ್ಲಿ ಅವಳ ಬಾಯಿಂದ ಆ ಮಾತು ಬಂದೇಬಿಟ್ಟಿತು.

"ಯಾರು ಅಗುಳಿ ತೆಗೆದ್ರು ಅಂತ ಒಳಗೆ ಬಂದೆ? ಯಜಮಾನಿ."

ಎಶ್ಕಾ ಮಗುವನ್ನು ಮೆಲ್ಲಗೆ ತೊಟ್ಟಿಲಲ್ಲಿಟ್ಟು, ಹೊದಿಕೆ ಸರಿ ಮಾಡಿ, ಹೋದಳು. ಆಮೇಲೆಂದೂ ಬರಲಿಲ್ಲ. ಜಗಳವೇನೂ ನಡೆಯಲಿಲ್ಲ. ಹಾದಿಯಲ್ಲಿ ಸಿಕ್ಕರೆ ಗಾಳಿಯ ಮಾತು, ಮಂಜಿನ ಮಾತು. ಸೂಮೆಯ ಕಾಲು ಬೆಳೆದಂತೆಲ್ಲ ಹೊಸ ಬೂಟು ನಾಯಿರಾಳ ಹೊಸಿಲ ಮೇಲೆ ತಾನಾಗಿ ಬಂದು ಕೂತಿರುತ್ತಿತ್ತು. ತಪ್ಪಾಯಿತು ಎನ್ನಲು ನಾಯಿರಾ ಎಷ್ಟೋ ಸಲ ಬಾಗಿಲವರೆಗೆ ಹೋಗಿ ತಟ್ಟದೆ ಬಂದಿದ್ದಳು. ಹೀಗೆ ಸೂಮೆ ದೊಡ್ಡವಳಾಗಿ ತನ್ನ ಅಗುಳಿಯನ್ನೂ ಕೆತ್ತಿಕೊಂಡು ಬೇರೆ ಮನೆ ಹೂಡಿದಳು.

ಕಳೆದ ವಾರ ಎಶ್ಕಾಳ ಹೊಸಿಲ ಮುಂದೆ ಹರಿದ ಬೂಟುಗಳು ರಾಶಿ ಬಿದ್ದವು. ಗೋಡೆಯಾಚೆ ಕೆಮ್ಮು ಕೇಳುತ್ತಿತ್ತು. ನಾಯಿರಾ ಮನಸ್ಸು ಗಟ್ಟಿ ಮಾಡಿ ಮೀನಿನ ಸಾರು ಕಾಸಿಕೊಂಡು ಹೋಗಿ ತಟ್ಟಿದಳು.

"ಬಾ," ಎಂದಿತು ಒಳಗಿನ ದನಿ.

ನಾಯಿರಾ ಕಾದಳು. ಅಗುಳಿ ಸರಿಯಲಿಲ್ಲ. ಮತ್ತೆ ತಟ್ಟಿದಳು. ಮತ್ತೆ "ಬಾ". ಸಾರಿನ ಮೇಲೆ ಮಂಜಿನ ಕೆನೆ ಕಟ್ಟುವವರೆಗೂ ನಿಂತು ವಾಪಸು ಬಂದಳು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಕರೆದು ಕರೆದು ಬಾಗಿಲು ತೆಗೆಯದೆ ಮುದುಕಿ ಹಳೆಯ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ಅವಳು ತಿಳಿದಳು. ಆ ಸಿಟ್ಟಿಗೆ ಕೊನೆಯ ಸಂಜೆ ಸಾರು ಕಾಸಲೇ ಇಲ್ಲ.

*

ಮನೆಯೊಳಗೆ ಚರ್ಮದ ವಾಸನೆ ಹಾಗೇ ಇತ್ತು. ನಾಯಿರಾ ಹಾಸಿಗೆ ಕೊಡವಿದಳು, ಒಲೆಯ ಬೂದಿ ಕೆದಕಿದಳು. ಎಲ್ಲೂ ಇರಲಿಲ್ಲ. ಬೆನ್ನ ಹಿಂದೆ ತುಮೆಲ್ ಬಂದು ನಿಂತಿದ್ದ.

"ಹುಡುಕ್ಬೇಡ ನಾಯಿರಾ."

"ಯಾಕೆ? ನೀನು ತಗೊಂಡ್ಯಾ?"

"ತಗೊಳ್ಳೋಕೆ ಇದ್ರೆ ತಾನೆ. ನಿನ್ನೆ ಗಂಡಿಲಿ ಇಳಿದೆ. ಅಗುಳಿ ತೆಗೆಯೋಣ ಅಂತ ಬಾಗಿಲಿಗೆ ಬಂದೆ. ಅಲ್ಲೇನೂ ಇರ್ಲಿಲ್ಲ. ಮುಟ್ಟಿದ್ದೇ ತಡ, ಬಾಗಿಲು ತೆರ್ಕೊಳ್ತು."

ನಾಯಿರಾ ಬಾಗಿಲಿನ ಕಡೆ ತಿರುಗಿದಳು. ಅಗುಳಿ ಕೂರುವ ಎರಡು ಕೊಂಡಿಗಳಲ್ಲಿ ಜೇಡ ಬಲೆ ಕಟ್ಟಿತ್ತು. ಹಳೆಯ ಬಲೆ, ಅದರ ಮೇಲೆ ಹೊಗೆಯ ಮಸಿ ಹಿಡಿದು ನೂಲಿನಷ್ಟು ದಪ್ಪವಾಗಿತ್ತು.

"ಎಷ್ಟೋ ವರ್ಷದಿಂದ ಇಲ್ಲ ಅನ್ಸುತ್ತೆ," ಎಂದ ತುಮೆಲ್. "ಜನ ಏನಂತಾರೋ ಅಂತ ಸುಮ್ಮನಿದ್ದೆ. ಅಗುಳಿ ಇಲ್ದೋಳು ಅಂದ್ರೆ ಕೊಟ್ಟಿಗೆಯೋಳು ಅಂತಾರೆ. ಸತ್ತೋಳಿಗೆ ಯಾಕೆ ಆ ಮಾತು."

"ಬಾ ಅಂತಿದ್ಲು," ಎಂದಳು ನಾಯಿರಾ. "ದಿನಾ ಬಾ ಅಂತಿದ್ಲು ಕಣೋ."

ತುಮೆಲ್ ಹೊರಗೆ ಹೋದ.

ಅವಳು ಒಲೆಯ ಪಕ್ಕ ಕೂತುಬಿಟ್ಟಳು. ಎದುರಿಗೆ ಹಲಗೆಯ ಮೇಲೆ ಎಶ್ಕಾಳ ಬಟ್ಟಲಿತ್ತು, ಮೂಳೆಯ ಚಮಚವಿತ್ತು, ಹಿಡಿಕೆ ಬೆರಳಿಗೆ ತಕ್ಕಂತೆ ಸವೆದಿತ್ತು. ಅದರ ಪಕ್ಕ ಇನ್ನೊಂದು ಬಟ್ಟಲು ಬೋರಲು ಹಾಕಿತ್ತು. ಎತ್ತಿದಳು. ಕೆಳಗೆ ಒಂದು ಮರದ ಚಮಚ. ಮರದ ಚಮಚ ಹೆರ್ಮೋಲದಲ್ಲಿ ಯಾರ ಮನೆಯಲ್ಲೂ ಇಲ್ಲ. ಇಲ್ಲಿ ಮರವೆಂದರೆ ಹಡಗಿನದು, ಹಡಗಿನದೆಂದರೆ ಅಗುಳಿಗೆ. ಒಮ್ಮೆಯೂ ತುಟಿ ತಾಗದ ಚಮಚ ಅದು, ಉಳಿಯ ಗೆರೆಗಳು ಇನ್ನೂ ಚೂಪಾಗಿದ್ದವು. ಬೆಳಕಿಗೆ ಹಿಡಿದಾಗ ಅದರ ಗುಳಿಯಲ್ಲಿ ಮೀನಿನ ಕಣ್ಣಿನಂಥ ಗಂಟೊಂದು ಹೊಳೆಯಿತು.

ಆಗ ನಾಯಿರಾ ಅತ್ತಳು. ಹೊರಗೆ ಎಲ್ಲರಿಗೂ ಕೇಳಿಸಿತು. ಯಾರೂ ಒಳಗೆ ಬರಲಿಲ್ಲ. ಬಾಗಿಲು ಹಾರು ಹೊಡೆದಿದ್ದರೂ ಬರಲಿಲ್ಲ.

*

ಹೊರಬಂದವಳು ನೇರ ತನ್ನ ಮನೆಗೆ ಹೋಗಿ, ತನ್ನ ಅಗುಳಿ ಕಿತ್ತುಕೊಂಡು ಬಂದು ಎಶ್ಕಾಳ ಅಂಗೈಯಲ್ಲಿಟ್ಟಳು.

"ಇದು ನಿನ್ನದಲ್ವಾ?" ಎಂದ ಬೊರೋನ್. "ಇನ್ನೊಂದು ಕೊಡೋಕಾಗಲ್ಲ. ಮರ ಇರೋದು ಮುಂದೆ ಬರೋ ಮಕ್ಕಳಿಗೆ."

"ನಾನು ಕೇಳಿದ್ನಾ?"

"ನೀನು ಹೋಗುವಾಗ ಕೈಯಲ್ಲಿ ಏನು ಹಿಡ್ಕೊತೀಯಾ?"

"ಅದು ನಾನು ಹೋದ ಮೇಲೆ ಅಲ್ವಾ. ನೀವೇ ತಲೆ ಕೆಡಿಸ್ಕೊಳ್ಳಿ."

"ಅಮ್ಮ, ಬಾಗಿಲಿಗೆ ಏನು ಹಾಕ್ತೀಯಾ?" ಎಂದಳು ಸೂಮೆ ಮೆಲ್ಲಗೆ. ಕೆಲ್ತಾ ಏನೋ ಹೇಳಲು ಬಾಯಿ ತೆರೆದವಳು, ನಾಯಿರಾಳ ಮುಖ ನೋಡಿ ಮುಚ್ಚಿಕೊಂಡಳು. ಬೊರೋನ್ ಎಶ್ಕಾಳ ಬೆರಳುಗಳನ್ನು ಅಗುಳಿಯ ಮೇಲೆ ಮಡಿಸಿದ. ಬಂಡಿ ಹೊರಟಿತು. ಗುಡ್ಡದ ಇಳಿಜಾರಿನಲ್ಲಿ ಎಲ್ಲರೂ ಒಂದೊಂದು ಕಲ್ಲಿಟ್ಟರು. ಹೊತ್ತು ಮುಳುಗುವ ಮೊದಲೇ ಕೆಲಸ ಮುಗಿಯಿತು.

ಸಂಜೆ ನಾಯಿರಾ ತನ್ನ ಮನೆಯಲ್ಲಿ ಒಲೆ ಹೊತ್ತಿಸಿ ಸಾರು ಕಾಸಿದಳು. ಆ ಮರದ ಚಮಚದಲ್ಲೇ ಬಡಿಸಿಕೊಂಡಳು. ಗಾಳಿ ಬೀಸಿದಾಗಲೆಲ್ಲ ಬಾಗಿಲು ಬೆರಳಷ್ಟು ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅವಳಿಗೆ ಭಯವಾಯಿತು. ಬಾಗಿಲಿಗೆ ಬೆನ್ನು ಹಾಕಿ ಕೂರಲು ಆಗಲಿಲ್ಲ. ಕೊಟ್ಟಿಗೆಯಲ್ಲಿ ಹುಟ್ಟಿದ ಹೆಂಗಸು ಇಷ್ಟು ಚಳಿಗಾಲ ಈ ಭಯದ ಜೊತೆ ಹೇಗೆ ಮಲಗಿದಳೋ ಎಂದುಕೊಂಡಳು.

ಯಾರೋ ಬಾಗಿಲು ತಟ್ಟಿದರು.

"ಅಮ್ಮ, ನಾನು."

"ಬಾ," ಎಂದಳು ನಾಯಿರಾ.

ಸೂಮೆ ಬರಲಿಲ್ಲ. ಒಳಗೆ ಅಗುಳಿ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಕಣ್ಣಾರೆ ನೋಡಿದ್ದಳು. ಆದರೂ ಹಿಮದ ಮೇಲೆ ಅವಳ ಬೂಟು ಅತ್ತ ಇತ್ತ ಕಾಲು ಬದಲಿಸುವುದು ಕೇಳುತ್ತಿತ್ತು.

ನಾಯಿರಾ ಏಳಲಿಲ್ಲ. ಎರಡನೆಯ ಬಟ್ಟಲನ್ನು ಒಲೆಯ ಪಕ್ಕಕ್ಕೆ ಸರಿಸಿ, ಮತ್ತೊಮ್ಮೆ "ಬಾ" ಎಂದಳು.

ಬಾಗಿಲು ಬೆರಳಷ್ಟು ತೆರೆಯಿತು. ಸಂದಿಯಲ್ಲಿ ಚರ್ಮದ ಕೈಗವಸು ತೊಟ್ಟ ನಾಲ್ಕು ಬೆರಳ ತುದಿಗಳು ಕಂಡವು. ಅವು ಬಾಗಿಲಿನ ಅಂಚು ಹಿಡಿದುಕೊಂಡು, ತಳ್ಳದೆ, ಬಿಡದೆ, ಅಲ್ಲೇ ನಿಂತಿದ್ದವು.