ಮೇಣ ಹಾಕಿದ ಎಂಟು ಭರಣಿ

ನಿಂಗಕ್ಕನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವಳಪ್ಪ ಸತ್ತ ಹನ್ನೆರಡನೆಯ ದಿನ. ಸತ್ತದ್ದಕ್ಕಲ್ಲ. ಎಪ್ಪತ್ತು ದಾಟಿದ ಮನುಷ್ಯ, ಯಾರ ಕೈಲೂ ಒಂದು ಲೋಟ ನೀರು ಎತ್ತಿಸಿಕೊಳ್ಳದೆ ಹೋದ, ಅಳುವಷ್ಟು ಅತ್ತಳು. ಹಿರೇಗುಂಟನೂರಿನಲ್ಲಿ ತವರಿನ ಕಾರ್ಯ ಮುಗಿಸಿಕೊಂಡು ಬಾಗೂರಿಗೆ ವಾಪಸು ಬಂದು ಜಗಲಿಯ ಮೇಲೆ ಬಟ್ಟೆಗಂಟು ಇಳಿಸಿದಳೋ ಇಲ್ಲವೋ, ಪಕ್ಕದ ಮನೆಯ ತಿಪ್ಪಮ್ಮ ಓಡಿ ಬಂದು, ನಿಮ್ಮ ನಾಗಕ್ಕನ ಫೋಟೋ ತೆಗೆದರಂತೆ, ಹೊಸದುರ್ಗದ ಆಫೀಸಿನ ಗೋಡೆಗೆ ಹಾಕುತ್ತಾರಂತೆ ಎಂದು ಸುದ್ದಿ ಕೊಟ್ಟಳು. ಯಾವ ಘನಕಾರ್ಯಕ್ಕೆ ಎಂದು ಕೇಳಿದರೆ, ಒಣಗಿಸಿದ ಟೊಮೇಟೊಗೆ ಎಂದಳು.

ನಾಗಕ್ಕ ಅಂದರೆ ನಿಂಗಕ್ಕನ ವಾರಗಿತ್ತಿ. ದೊಡ್ಡತಿಮ್ಮಪ್ಪ, ಚಿಕ್ಕತಿಮ್ಮಪ್ಪ ಇಬ್ಬರು ಅಣ್ಣತಮ್ಮಂದಿರು. ದೊಡ್ಡವನಿಗೆ ಇವಳು, ಚಿಕ್ಕವನಿಗೆ ಅವಳು. ಒಂದೇ ಮನೆ, ಒಂದೇ ಅಡುಗೆ. ನಾಗಕ್ಕ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಬಂದಾಗ ಸೌತೆಕಾಯಿ ಹೆಚ್ಚಿದರೆ ಒಂದು ಹೋಳು ಹೆಬ್ಬೆರಳ ದಪ್ಪ, ಇನ್ನೊಂದು ಕಾಗದದಷ್ಟು ತೆಳು. ಕೈ ಹಿಡಿದು ಹೆಚ್ಚುವುದನ್ನು ಕಲಿಸಿದವಳು ನಿಂಗಕ್ಕನೇ.

ಟೊಮೇಟೊ ಒಣಗಿಸಿದ್ದಕ್ಕೂ ಫೋಟೋ ತೆಗೆಯುತ್ತಾರಾ ಅನ್ನಬೇಡಿ. ನಮ್ಮ ಸೀಮೆಯಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹರವಿದರೆ ಎಂಥ ಸೋಮಾರಿಯ ಸಂಡಿಗೆಯೂ ಒಣಗುತ್ತದೆ. ಆದರೆ ಟೊಮೇಟೊ, ಹಾಗಲಕಾಯಿ, ಪಪ್ಪಾಯಿ ರಾಶಿ ಬೀಳುವುದು ಸೋನೆ ಹಿಡಿದು ಸೂರ್ಯ ಪತ್ತೆಯಿಲ್ಲದಾಗ. ಆಗ ಕೊಳೆತದ್ದನ್ನೆಲ್ಲ ತಿಪ್ಪೆಗೆ ಸುರಿಯುವುದೇ ಕೆಲಸ. ಮಗಳು ಹಾಗೆ ಸುರಿಯುವುದನ್ನು ನೋಡಲಾರದೆ ನಿಂಗಕ್ಕನ ಅಪ್ಪ ಮೂರ್ತಪ್ಪ ಒಂದು ಸಲ ಬಾಗೂರಿಗೆ ಬಂದು ಮೂರು ದಿನ ಕೂತ. ಅವನು ಇಪ್ಪತ್ತೆರಡು ವರ್ಷ ಚಿತ್ರದುರ್ಗದ ಒಂದು ಬೇಕರಿಯಲ್ಲಿ ಒಲೆಯ ಮುಂದೆ ಬೆಂದವನು. ಒಡೆದ ಹೆಂಚು, ಹುತ್ತದ ಮಣ್ಣು, ಅರ್ಧ ಡಾಂಬರು ಡ್ರಮ್ಮು ಹಾಕಿ ಅಡುಗೆಮನೆಯ ಹಿಂದೆ ಒಂದು ಒಲೆ ಕಟ್ಟಿದ. ಅವನು ಓವನ್ ಅಂದ, ಮನೆಯವರ ಬಾಯಲ್ಲಿ ಅದು ಗೂಡೊಲೆ ಆಯಿತು.

ಒಂದು ಗಳಿಗೆ ಕಟ್ಟಿಗೆ ಉರಿಸಿ, ಕೆಂಡವನ್ನೆಲ್ಲ ಎಳೆದು ಹಾಕಿ, ಒಳಗೆ ಕೈಯಿಟ್ಟು ಇಪ್ಪತ್ತು ಎಣಿಸುವವರೆಗೂ ತಡೆಯುವಂತಿದ್ದರೆ ಆಗ ಹೋಳು ಹರವಿದ ಬಿದಿರಿನ ತಟ್ಟಿಗಳನ್ನು ಒಳಗೆ ತಳ್ಳಬೇಕು. ಮುಚ್ಚಳ ಪೂರ್ತಿ ಮುಚ್ಚಬಾರದು, ಎರಡು ಬೆರಳಿನಷ್ಟು ಸಂದು ಬಿಟ್ಟರೆ ಹಸಿ ಹೊರಗೆ ಹೋಗುತ್ತದೆ. ಇಷ್ಟನ್ನು ನಾಗಕ್ಕ ನೋಡಿ ನೋಡಿ ಕಲಿತಿದ್ದಳು. ಅವಳು ನೋಡದೆ ಇದ್ದದ್ದು ಆಮೇಲಿನ ಕೆಲಸ. ಒಣಗಿದ್ದು ಪೂರ್ತಿ ತಣ್ಣಗೆ ಆರಬೇಕು. ಆರಿದ ಮೇಲೆ ಭರಣಿಗೆ ಸಡಿಲವಾಗಿ ತುಂಬಿ, ಒಂದು ವಾರ ದಿನಾ ಅಲುಗಾಡಿಸಿ, ಮುಚ್ಚಳದ ಒಳಗೆ ಬೆವರು ಕಂಡರೆ ಮತ್ತೆ ಒಲೆಗೆ ಹಾಕಿ, ಎಂಟನೆಯ ದಿನ ಬಾಯಿ ಕಟ್ಟಬೇಕು. ಇದನ್ನು ನಿಂಗಕ್ಕ ಬೆಳಿಗ್ಗೆ ರಾಗಿ ತೆಗೆಯಲು ಕಣಜದ ಕೋಣೆಗೆ ಹೋದಾಗ ಮಾಡುತ್ತಿದ್ದಳು. ಬಚ್ಚಿಟ್ಟು ಮಾಡಿದ್ದೇನಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ಹಾಗೆ ಕಟ್ಟಿಟ್ಟ ಭರಣಿ ಎಪ್ಪತ್ತೈದನೆಯ ಇಸವಿಯ ಮಾಗಿಯಲ್ಲೂ ಘಮ್ಮೆನ್ನುತ್ತಿತ್ತು. ತಾಲ್ಲೂಕಿನ ಮಹಿಳಾ ಸಮಾಜಗಳನ್ನು ನೋಡಿಕೊಳ್ಳುವ ಮುಖ್ಯ ಸೇವಿಕೆ ಮರುಳಸಿದ್ದಮ್ಮ ಹೊಸದುರ್ಗದಿಂದ ಬಂದದ್ದು ಆಗಲೇ, ನಿಂಗಕ್ಕ ಅಪ್ಪನ ಹೆಣದ ಮುಂದೆ ಕೂತಿದ್ದಾಗ. ನಾಗಕ್ಕ ಆ ಭರಣಿ ಬಿಚ್ಚಿ ಗೊಜ್ಜು ಮಾಡಿ ಬಡಿಸಿದಳು. ಯಾರು ಮಾಡಿದ್ದು ಎಂದು ಕೇಳಿದಾಗ ನಾನೇ ಎಂದಳು. ಒಲೆ ಯಾರು ಕಟ್ಟಿದ್ದು ಎಂದಾಗ ನಮ್ಮನೇರು ಎಂದಳು. ಬೆರಳು ನೆಕ್ಕಿಕೊಂಡು ಆಯಮ್ಮ ಹೆಸರು ಬರೆದುಕೊಂಡು ಹೋದರು. ಹದಿನೈದು ದಿನಕ್ಕೆ ನಾಗಕ್ಕ ಊರೂರಿಗೆ ಹೋಗಿ ಹೆಂಗಸರಿಗೆ ಕಲಿಸುವ ಶಿಕ್ಷಕಿಯಾದಳು. ಇವತ್ತು ರಾಮಗಿರಿ, ನಾಳೆ ಹೊಳಲ್ಕೆರೆ, ಕೈಗೊಂದು ಗಡಿಯಾರ ಬೇರೆ.

ನಿಂಗಕ್ಕ ಒಂದೇ ಒಂದು ಸಲ ಕೇಳಿದಳು. ಶಿಕ್ಷಕಿ ಕೆಲಸ ನೀನೇ ಇಟ್ಟುಕೋ, ಫೋಟೋನೂ ಇರಲಿ. ನಾಲ್ಕು ಜನರ ಮುಂದೆ, ಇದು ನಮ್ಮ ನಿಂಗಕ್ಕ ಹೇಳಿಕೊಟ್ಟದ್ದು, ಒಲೆ ಅವರಪ್ಪ ಕಟ್ಟಿದ್ದು, ಇಷ್ಟು ಹೇಳು ಸಾಕು ಎಂದಳು. ನಾಗಕ್ಕ ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ.

"ಸತ್ತೋರ ಹೆಸರು ಹೇಳಿದ್ರೆ ಅವ್ರೇನು ಎದ್ದು ಬರ್ತಾರೇನಕ್ಕ?" ಅಂದಳು.

ಗಂಡಸರಿಗೆ ಹೇಳಿ ನೋಡಿದಳು. ಹೆಸರು ಯಾರದಾದರೇನು, ಮನೆಗೇ ಬಂತಲ್ಲ ಅಂದ ದೊಡ್ಡತಿಮ್ಮಪ್ಪ. ಚಿಕ್ಕತಿಮ್ಮಪ್ಪ ಕೆಮ್ಮಿ ಎದ್ದು ಹೋದ. ಅವತ್ತಿನಿಂದ ನಿಂಗಕ್ಕ ಆ ಮಾತೆತ್ತಲಿಲ್ಲ. ಮನೆಯವರು, ಪರವಾಗಿಲ್ಲ, ಸಮಾಧಾನ ಆದಳು ಅಂದುಕೊಂಡರು. ಎಂಥ ಸಮಾಧಾನ? ಹಿಟ್ಟು ತೊಳಸುವಾಗ, ಕಸ ಗುಡಿಸುವಾಗ, ದನಕ್ಕೆ ಹುಲ್ಲು ಹಾಕುವಾಗ ಅವಳಿಗಿದ್ದದ್ದು ಒಂದೇ ಯೋಚನೆ: ಇವಳು ಜನರ ಮುಂದೆ ತಲೆ ತಗ್ಗಿಸಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು.

ಕಾಯುವವಳಿಗೆ ದಾರಿ ತಾನಾಗಿ ಬಂತು. ಕಾರ್ತೀಕದಲ್ಲಿ ಚಿತ್ರದುರ್ಗದಲ್ಲಿ ದೊಡ್ಡ ವಸ್ತುಪ್ರದರ್ಶನ, ಮಹಿಳಾ ವರ್ಷ ಅಂತ ಬೆಂಗಳೂರಿನಿಂದ ಅಧಿಕಾರಿಣಿ ಬರುತ್ತಾರೆ, ಒಂದು ತಿಂಗಳು ಮೊದಲೇ ಒಣಗಿಸಿ ಬಾಯಿ ಕಟ್ಟಿದ ಎಂಟು ಭರಣಿ ತಂದು ವೇದಿಕೆಯ ಮೇಲೆ ಬಿಚ್ಚಿ ತೋರಿಸಬೇಕು ಎಂದು ಮರುಳಸಿದ್ದಮ್ಮ ಹೇಳಿ ಕಳಿಸಿದರು. ನಾಗಕ್ಕ ಈವರೆಗೆ ಒಣಗಿಸಿದ್ದನ್ನೆಲ್ಲ ಮೂರು ದಿನದೊಳಗೆ ತಿಂದು ಮುಗಿಸುತ್ತಿದ್ದರು. ತಿಂಗಳಿಡುವುದು ಹೇಗೆ ಅನ್ನುವುದು ಶಿಕ್ಷಕಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅಡುಗೆಮನೆಗೆ ಬಂದು ನಿಂಗಕ್ಕನ ಪಕ್ಕ ಕೂತಳು, ಕೇಳದೆ ಬೆಳ್ಳುಳ್ಳಿ ಬಿಡಿಸತೊಡಗಿದಳು. ಆಮೇಲೆ ಮೆಲ್ಲಗೆ, ಅಕ್ಕ ಒಂದು ಮಾತು ಎಂದಳು. ಈಗಲಾದರೂ ಇವಳು ಅಪ್ಪನ ಹೆಸರು ಎತ್ತುತ್ತಾಳಾ ಎಂದು ನಿಂಗಕ್ಕ ಕಾದಳು, ಸುಳ್ಳು ಯಾಕೆ ಹೇಳಬೇಕು. ನಾಗಕ್ಕ ಎತ್ತಲಿಲ್ಲ. ಆಗ ನಿಂಗಕ್ಕ ನಗುತ್ತಾ ಹೇಳಿಕೊಟ್ಟಳು. ಹೋಳಿನ ದಪ್ಪ, ಉಪ್ಪಿನ ನೀರು, ಹಾಗಲಕ್ಕೆ ಅರಿಶಿನ, ತಟ್ಟಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರವುವುದು, ಎಲ್ಲ ನಿಜ, ಎಲ್ಲ ಒಪ್ಪ. ಕೊನೆಗೆ ಒಂದೇ ಒಂದು ಸುಳ್ಳು.

"ಒಲೆಯಿಂದ ತೆಗೆದ್ಯಾ, ಆರಕ್ಕೆ ಬಿಡಬ್ಯಾಡ. ಬಿಸಿಬಿಸಿ ಇದ್ದಂಗೇ ಭರಣಿಗೆ ಒತ್ತಿ ತುಂಬು, ಮ್ಯಾಲೆ ಮೇಣ ಕರಗ್ಸಿ ಹುಯ್ದುಬಿಡು. ತಿಂಗ್ಳಲ್ಲ, ವರ್ಷ ಇರ್ತಾವೆ."

ನಾಗಕ್ಕ ಕಣ್ಣರಳಿಸಿ, ಹೌದಕ್ಕ, ಹೊಸದುರ್ಗದ ತರಬೇತಿಯಲ್ಲೂ ಜಾಮನ್ನು ಹಿಂಗೇ ಬಿಸಿಯಾಗೇ ತುಂಬಿಸಿ ಮೇಣ ಹಾಕಿಸಿದರು ಎಂದಳು. ಜಾಮಿನ ನೀತಿ ಜಾಮಿಗೆ. ಒಣಗಿದ ಹೋಳು ಬಿಸಿಯಲ್ಲಿ ಬಾಯಿ ಮುಚ್ಚಿದರೆ ಒಳಗೇ ಬೆವರುತ್ತದೆ, ಬೆವರಿದ್ದು ಬೂಷ್ಟು ಹಿಡಿಯುತ್ತದೆ. ಇದು ನಿಂಗಕ್ಕನಿಗೆ ಗೊತ್ತಿತ್ತು, ಅವಳಪ್ಪನಿಗೆ ಗೊತ್ತಿತ್ತು, ಲೋಕದಲ್ಲಿ ಇನ್ನಾರಿಗೆ ಗೊತ್ತಿದ್ದರೂ ಬಾಗೂರಿನಲ್ಲಿ ಇರಲಿಲ್ಲ.

ಎಂಟು ಪಿಂಗಾಣಿ ಭರಣಿಗಳು ಸಾಲಾಗಿ ಕಣಜದ ಕೋಣೆಯಲ್ಲಿ ಕೂತವು. ಆ ಒಂದು ತಿಂಗಳು ನಿಂಗಕ್ಕನ ಮುಖ ನೋಡಬೇಕಿತ್ತು. ಮಾಗಿಯಿಂದ ಗಂಟಲಲ್ಲಿ ಇಳಿಯದಿದ್ದ ಮುದ್ದೆ ಸರಾಗ ಇಳಿಯಿತು. ಹನ್ನೊಂದನೆಯ ದಿನ ರಾಗಿ ತೆಗೆಯಲು ಹೋದವಳು ಬಗ್ಗಿ ಒಂದು ಭರಣಿಯ ಅಂಚಿಗೆ ಮೂಗು ಹಿಡಿದಳು. ಮೇಣ ಎಲ್ಲೋ ಕೂದಲೆಳೆಯಷ್ಟು ಬಿರಿದಿತ್ತು, ಅದರೊಳಗಿಂದ ಸಣ್ಣಗೆ ಹುಳಿ ವಾಸನೆ. ಇನ್ನೂ ಕಾಲ ಮಿಂಚಿರಲಿಲ್ಲ. ಹೇಳಿದ್ದರೆ ಎಲ್ಲ ಸುರಿದು ಹೊಸದಾಗಿ ಮಾಡಬಹುದಿತ್ತು. ಹೇಳಲಿಲ್ಲ. ಅವತ್ತು ಎರಡನೆಯ ಮುದ್ದೆ ಹಾಕಿಸಿಕೊಂಡಳು.

ಪ್ರದರ್ಶನದ ದಿನ ನಿಂಗಕ್ಕ ಮದುವೆಗೆ ಹೋಗುವವಳ ಹಾಗೆ ಇಳಕಲ್ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ನಾಗಕ್ಕ ಅವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು, ನಿನಗೆ ತಲೆ ಸುತ್ತುತ್ತಲ್ಲ ಅಕ್ಕ ಎಂದು. ನಿಂಗಕ್ಕ ಕೂತಳು. ಭರಣಿಯ ಬುಟ್ಟಿ ಇಬ್ಬರ ಕಾಲ ಸಂದಿಯಲ್ಲಿತ್ತು.

ಚಿತ್ರದುರ್ಗದ ಸ್ಕೂಲು ಮೈದಾನದ ತುಂಬ ಹೆಂಗಸರು. ವೇದಿಕೆಯ ಮೇಲೆ ಮೈಕು, ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಎಂಟು ಭರಣಿ. ಮರುಳಸಿದ್ದಮ್ಮ ನಾಗಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಬೆಂಗಳೂರಿನ ಅಧಿಕಾರಿಣಿ ಚಾಕುವಿನಿಂದ ಮೊದಲನೆಯ ಭರಣಿಯ ಮೇಣ ಎಬ್ಬಿಸಿ, ಬಗ್ಗಿ ನೋಡಿ, ಸೆರಗು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಎರಡನೆಯದನ್ನು ಮರುಳಸಿದ್ದಮ್ಮನೇ ಬಿಚ್ಚಿದರು. ಹಾಗಲಕಾಯಿಯ ಮೇಲೆ ಹಸಿರು ಬೂಷ್ಟು, ಪಪ್ಪಾಯಿಯ ಮೇಲೆ ಬಿಳಿ ತುಪ್ಪಟ. ಮುಂದಿನ ಸಾಲಿನವರೆಗೂ ವಾಸನೆ ಬಂತು. ನಾಗಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಮೂರನೆಯ ಸಾಲಿನಲ್ಲಿ ಕೂತಿದ್ದ ನಿಂಗಕ್ಕನಿಗೆ ಆದ ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಮೈಯೆಲ್ಲ ಹಗುರವಾಯಿತು. ನೋಡಪ್ಪ, ನೋಡು ಎಂದು ಒಳಗೊಳಗೇ ಅಂದುಕೊಂಡಳು.

ಮರುಳಸಿದ್ದಮ್ಮ ಸಿಟ್ಟಿನಿಂದ, ಏನಮ್ಮ ಇದು, ಊರೂರಲ್ಲಿ ಇದನ್ನೇ ಕಲಿಸ್ತಿದ್ದೀಯಾ ಎಂದು ಕೇಳಿದರು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ನಾಗಕ್ಕ ಕೈ ಎತ್ತಿ ಮೂರನೆಯ ಸಾಲನ್ನು ತೋರಿಸಿದಳು.

"ನಂದೇನೂ ಇಲ್ರಿ ಇದ್ರಾಗೆ. ಮೊದ್ಲಿಂದ ಎಲ್ಲ ನಮ್ಮ ನಿಂಗಕ್ಕ ಹೇಳ್ಕೊಟ್ಟಿದ್ದು. ಒಲೆ ಕಟ್ಟಿದ್ದು ಅವರಪ್ಪ ಮೂರ್ತಪ್ಪ, ಇದೇ ಊರಿನ ಬೇಕರಿಲಿ ಇದ್ದೋನು. ಅವ್ರು ಹೇಳ್ದಂಗೇ ಮಾಡೀನ್ರಿ."

ಅಲ್ಲಿಗೆ ಆಯಿತು. ಯಾವ ಮಾತಿಗಾಗಿ ನಿಂಗಕ್ಕ ವರ್ಷವೆಲ್ಲ ಒಳಗೇ ಬೆಂದಳೋ ಅದೇ ಮಾತು, ಅಕ್ಷರಕ್ಕೆ ಅಕ್ಷರ, ಸಾವಿರ ಹೆಂಗಸರ ಮುಂದೆ ಮೈಕಿನಲ್ಲಿ ಬಂತು. ಬೆಂಗಳೂರಿನ ಅಧಿಕಾರಿಣಿ ಪಕ್ಕದವರಿಗೆ, ಆ ಬೇಕರಿಯ ಬ್ರೆಡ್ಡು ತಿಂದವರ ಗತಿ ಏನೋ ಎಂದರು. ಹಿಂದಿನವರೆಗೂ ಕೇಳಿಸಿ ಎಲ್ಲರೂ ನಕ್ಕರು. ಯಾರೋ ಒಬ್ಬಳು, ಮೂರ್ತಪ್ಪನಂತೆ ಮೂರ್ತಪ್ಪ ಎಂದು ಅಣಕಿಸಿದಳು. ಅಪ್ಪನ ಹೆಸರನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು.

ನಿಂಗಕ್ಕ ಎದ್ದು ನಿಂತಳು. ಯಾರೂ ಕರೆದಿರಲಿಲ್ಲ. ಸುಮ್ಮನೆ ಕೂತಿದ್ದರೆ ಗೊತ್ತಿಲ್ಲದ ಹೆಂಗಸು, ಪಾಪ ಅನ್ನಿಸಿಕೊಂಡು ಬಸ್ಸು ಹತ್ತಬಹುದಿತ್ತು. ಅದೊಂದನ್ನು ಮಾತ್ರ ಅವಳಿಂದ ತಡೆಯಲಾಗಲಿಲ್ಲ.

"ನಮ್ಮಪ್ಪಂಗೆ ಎಲ್ಲ ಗೊತ್ತಿತ್ತು. ನಂಗೂ ಗೊತ್ತೈತೆ. ಅವಳಿಗೆ ತಪ್ಪು ಹೇಳಿದ್ದು ನಾನೇ, ಬೇಕಂತ್ಲೇ ಹೇಳಿದ್ದು. ಕೆಡ್ತಾವೆ ಅಂತ ಗೊತ್ತಿದ್ದೇ ಹೇಳಿದ್ದು."

ನಗು ನಿಂತಿತು. ನಿಂತಲ್ಲೇ ಅವಳು ಸರಿಯಾದ ಕ್ರಮ ಹೇಳಿದಳು. ಆರಿಸುವುದು, ವಾರ ಅಲುಗಾಡಿಸುವುದು, ಬೆವರು ನೋಡುವುದು, ಎಂಟನೆಯ ದಿನ ಬಾಯಿ ಕಟ್ಟುವುದು. ಒಂದು ಮಾತೂ ಬಿಡಲಿಲ್ಲ. ಮರುಳಸಿದ್ದಮ್ಮ ಎಲ್ಲವನ್ನೂ ಬರೆದುಕೊಂಡರು. ಅವಳು ಮುಗಿಸಿ ಕೂರುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಮಕ್ಕಳನ್ನು ಮಡಿಲಿಗೆಳೆದುಕೊಂಡು ಒಂದಿಷ್ಟು ಸರಿದು ಕೂತಿದ್ದರು. ವೇದಿಕೆಯ ಮೇಲೆ ನಾಗಕ್ಕ ಅಳುತ್ತಿದ್ದಳು. ಬೆಂಗಳೂರಿನವರು ಅವಳ ಬೆನ್ನು ಸವರಿ ನೀರು ಕೊಟ್ಟರು.

ವಾಪಸು ಬರುವಾಗ ನಾಗಕ್ಕ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು, ನಿಂಗಕ್ಕ ಕೊನೆಯ ಸೀಟಿನಲ್ಲಿ. ಸುದ್ದಿ ಅವರಿಗಿಂತ ಮುಂಚಿನ ಬಸ್ಸಿಗೇ ಬಾಗೂರು ಮುಟ್ಟಿತ್ತು. ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ಅವಳ ಹತ್ತಿರ ಬೇಕಾದಷ್ಟಿತ್ತು. ಸೀರೆ ಬದಲಾಯಿಸಿ ಒಲೆ ಹಚ್ಚಿದಳು, ಮುದ್ದೆ ತೊಳಸಿದಳು, ಹುರುಳಿಕಾಳಿನ ಸಾರು ಕುದಿಸಿದಳು. ನಾಗಕ್ಕ ಕೋಣೆಯಿಂದ ಬರಲಿಲ್ಲ, ಚಿಕ್ಕತಿಮ್ಮಪ್ಪ ಹಸಿವಿಲ್ಲ ಎಂದ.

ದೊಡ್ಡತಿಮ್ಮಪ್ಪ ತಟ್ಟೆಯ ಮುಂದೆ ಕೂತ. ಹದಿನೆಂಟು ವರ್ಷದಿಂದ ಅವಳು ಏನಿಟ್ಟರೂ ತಲೆ ಎತ್ತದೆ ಉಂಡವನು. ಅವತ್ತು ಕೈ ತೊಳೆದು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಲ್ಲಿಗೇ ನಿಲ್ಲಿಸಿದ. ಅವಳ ಮುಖ ನೋಡಲಿಲ್ಲ. ತಟ್ಟೆಯನ್ನು ಸ್ವಲ್ಪ ಅವಳ ಕಡೆ ಸರಿಸಿದ.

"ಮೊದ್ಲು ನೀನೊಂದು ತುತ್ತು ಉಣ್ಣು" ಅಂದ.

ನಿಂಗಕ್ಕ ಕೂತು ಒಂದು ತುತ್ತು ತೆಗೆದುಕೊಂಡು ನುಂಗಿದಳು. ಅವನು ಒಂದು ಗಳಿಗೆ ಕಾದು, ಆಮೇಲೆ ಉಂಡ.