ಸೋಸಿದ ನೀರು

ಕಂಪ್ಲಿ ಕೋಟೆಯ ಕೆಳಗೆ ಮೀನಿಗೆ ಬಲೆ ಹಾಕುವ ಹೊಳೆಮ್ಮ ಆ ಮಳೆಗಾಲವಿಡೀ ವಾರಕ್ಕೊಂದು ಸೀಸೆ ಹೊಳೆಯ ನೀರು ತುಂಬಿ, ಹೊಸಪೇಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಲ್ಯಾಬಿಗೆ ಕಳಿಸಿದಳು. ಸಂಡೂರು ಗುಡ್ಡದ ಗಣಿಮಣ್ಣು ಹಳ್ಳ ಹಿಡಿದು ಹೊಳೆಗಿಳಿಯುತ್ತಿತ್ತು. ಮೀನು ಮೊಟ್ಟೆಯಿಡುವ ಮಡು ವರ್ಷವರ್ಷಕ್ಕೂ ಹೂಳಿನಿಂದ ತುಂಬುತ್ತಿತ್ತು. ನೀರಿನಲ್ಲಿ ಮಣ್ಣು ಮಿತಿ ಮೀರಿದ್ದು ಪರೀಕ್ಷೆಯಲ್ಲಿ ಕಂಡರೆ ಗುಡ್ಡದ ಬುಡದಲ್ಲಿ ತಡೆಗೋಡೆ ಕಟ್ಟಿಸುತ್ತಾರೆಂದು, ಸೀಸೆ ಹಂಚಿದ ಹೊಸಪೇಟೆಯ ಪರಿಸರ ಕಚೇರಿಯ ಹುಡುಗಿ ಹೇಮಾ ಹೇಳಿದ್ದಳು. ಗೋಡೆಯಾಗದಿದ್ದರೆ ಇನ್ನೆರಡು ಮಳೆಗೆ ಮಡುವೂ ಇಲ್ಲ, ಬಲೆಯೂ ಇಲ್ಲ. ಹೊಳೆಮ್ಮನಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಕಲಿಯುವ ತ್ರಾಣವೂ ಉಳಿದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹೇಮಾ ಬಂದಳು. ಮುಖ ಇಳಿದುಹೋಗಿತ್ತು.

“ಹೊಳೆಮ್ಮಕ್ಕ, ನೀರು ಭಾಳ ಚಲೋ ಐತಿ ಅಂತ ರಿಪೋರ್ಟ್ ಬಂದೈತ್ರಿ. ಗೋಡಿ ಬ್ಯಾಡಂತ ಬರದುಬಿಟ್ರು.”

“ಚಲೋ? ಕೆಂಪಗ ಹರೀತಿತ್ತಲ್ಲವಾ ತಂಗಿ!”

“ಸೀಸೆ ಹೆಂಗ ತುಂಬತಿದ್ರಿ?”

ಹೊಳೆಮ್ಮ ಹೆಮ್ಮೆಯಿಂದಲೇ ತೋರಿಸಿದಳು. ನೂಲಿನ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಸೀಸೆಯ ಬಾಯಿಗೆ ಹಿಡಿದು, ತಂಬಿಗೆಯಿಂದ ನೀರು ಸುರಿದಳು.

“ಮಂದಿಗೆ ಕೊಡೋ ನೀರು ಸೋಸದಂಗ ಕೊಟ್ರ ಹೆಂಗವಾ? ಅದೂ ಆಫೀಸಿಗೆ ಹೋಗೋದು. ನಮ್ಮ ಹೊಳಿ ಮರ್ಯಾದಿ ಏನಾಗಬೇಕು?”

ಹೇಮಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಚೀಟಿ ಅಂಟಿಸುವುದು, ತಾರೀಕು ಬರೆಯುವುದು, ಮುಚ್ಚಳ ಬಿಗಿ ಮಾಡುವುದು ಎಲ್ಲ ಹೇಳಿಕೊಟ್ಟಿದ್ದಳು. ಸೋಸಬೇಡಿ ಅಂತಲೂ ಹೇಳಬೇಕಾದೀತೆಂದು ತೋಚಿರಲಿಲ್ಲ. ಓದಿದವರಿಗೆ ಇಂಥವು ತೋಚುವುದು ಅಷ್ಟಕ್ಕಷ್ಟೇ.

ಅಳೆಯಬೇಕಾದ ಮಣ್ಣೆಲ್ಲ ಸೆರಗಿನಲ್ಲೇ ಉಳಿದಿತ್ತೆಂದು ಹೇಮಾ ಬಿಡಿಸಿ ಹೇಳಿದಾಗ ಹೊಳೆಮ್ಮನಿಗೆ ತಿಳಿಯಿತು. ತನ್ನ ಕೈಯಾರೆ ತಾನೇ ಹೊಳೆಗೆ ಕೇಡು ಮಾಡಿದ್ದಳು. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಸೋತ ಕಾಲು ಎಳೆಯುತ್ತ ಬಸ್ಸು ಹತ್ತಿ ಹೊಸಪೇಟೆಗೆ ಹೋದಳು. ಹೇಮಾ ಅವಳನ್ನು ಕಚೇರಿಯ ಸಾಹೇಬರ ಮುಂದೆ ನಿಲ್ಲಿಸಿದಳು.

“ತಪ್ಪು ನಂದು ಸಾಹೇಬ್ರ. ನಾನ ಸೋಸಿದ್ದು. ಇನ್ನೊಮ್ಮೆ ತುಂಬಿ ಕೊಡ್ತೀನ್ರಿ.”

ಸಾಹೇಬರು ಒಳ್ಳೆಯವರು. ಬೈಯಲಿಲ್ಲ, ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

“ಈಗ ತುಂಬಿದ್ರ ಏನ ಬಂತಮ್ಮಾ? ಮಳಿ ನಿಂತು ನೀರು ತಿಳಿ ಆಗೈತಿ. ಫೈಲ್ ಮುಚ್ಚೈತಿ. ಮುಂದಿನ ತಪಾಸಣಿ ಮೂರು ವರ್ಷಕ್ಕ.”

ಆಮೇಲೆ ಹೇಮಾಳ ಕಡೆ ತಿರುಗಿ, ಮನಸ್ಸು ತುಂಬಿ ಹೇಳಿದರು: “ನೋಡವಾ, ಹಳ್ಳಿ ಮಂದ್ಯಾಗ ಎಷ್ಟು ಸ್ವಚ್ಛತಾ ಐತಿ!”