ಅಪ್ಪಣೆ ಕೇಳಿದ ಕಣಜ

ನವರಾತ್ರಿಯ ಐದನೆಯ ದಿನ, ಬೆಳಗಿನ ಎಂಟರ ಹೊತ್ತು. ರಾತ್ರಿ ಬಿದ್ದ ಮಳೆಗೆ ಕುಂಬಾರಕೊಪ್ಪಲಿನ ಬೀದಿ ಇನ್ನೂ ಒದ್ದೆಯಾಗಿತ್ತು. ರುದ್ರಸ್ವಾಮಿ ಲಿಂಗಪೂಜೆ ಮುಗಿಸಿ ಈಚೆ ಬಂದರೆ ಬೀದಿ ಬಾಗಿಲು ಹಾರು ಹೊಡೆದಿತ್ತು. ಹೆಂಡತಿ ಪಾರ್ವತಮ್ಮ ಅಡುಗೆಮನೆಯಲ್ಲೂ ಇಲ್ಲ, ಹಿತ್ತಿಲಲ್ಲೂ ಇಲ್ಲ.

ಎರಡು ವರ್ಷದಿಂದ ಆಕೆಯ ನೆನಪು ತೂತು ಮಡಕೆಯ ನೀರಿನಂತೆ ಸೋರುತ್ತಿತ್ತು. ನಿನ್ನೆ ಉಂಡದ್ದು ಮರೆಯುವಳು, ಐವತ್ತು ವರ್ಷದ ಹಿಂದಿನ ಎಮ್ಮೆಯ ಹೆಸರು ಹಿಡಿದು ಕರೆಯುವಳು. ಸಕ್ಕರೆ ಕಾಯಿಲೆ ಬೇರೆ. ಹೊತ್ತಿಗೆ ಸರಿಯಾಗಿ ತುತ್ತು ಬೀಳದಿದ್ದರೆ ಕಣ್ಣು ಕತ್ತಲೆ ಬಂದು ಬಿದ್ದುಬಿಡುವ ಜೀವ.

ಬೀದಿಯವರೆಲ್ಲ ಗುಡಿ, ಪಾರ್ಕು, ಆಸ್ಪತ್ರೆ ಎಂದು ಹುಡುಕಿದರು. ಹೂ ಮಾರುವ ಕಮಲ, ಅಜ್ಜಿ ಬಸ್ಸು ಹತ್ತಿದ್ದನ್ನು ನೋಡಿದೆ ಎಂದಳು. ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ, ಸೊಂಟದ ಚೀಲದಲ್ಲಿ ಆಧಾರ್ ಕಾರ್ಡಿದ್ದರೆ ಯಾರು ತಡೆಯುತ್ತಾರೆ? ಆಗ ರುದ್ರಸ್ವಾಮಿಗೆ ಗೂಡಿನಲ್ಲಿ ಹಿತ್ತಾಳೆ ತಂಬಿಗೆ ಇಲ್ಲದ್ದು ಕಂಡಿತು. ಹಿಂದೆ ಹೊಲಕ್ಕೆ ಮಜ್ಜಿಗೆ ಒಯ್ಯುತ್ತಿದ್ದ ತಂಬಿಗೆ ಅದು. ಅವಳು ಹೊಲಕ್ಕೆ ಹೋಗಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಹೊಲ ಇದ್ದದ್ದು ಮಂಡಕಳ್ಳಿಯಲ್ಲಿ. ಅದು ವಿಮಾನ ನಿಲ್ದಾಣಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು.

ಎದುರುಮನೆಯ ಕ್ಸೇವಿಯರ್ ಮದುವೆ ಫೋಟೊ ತೆಗೆಯುವವನು, ಡ್ರೋನ್ ಹಾರಿಸಲು ಪರೀಕ್ಷೆ ಕಟ್ಟಿ ಸರ್ಟಿಫಿಕೇಟು ಪಡೆದವನು. ಆ ಡ್ರೋನನ್ನು ಅವನ ಹೆಂಡತಿ ಕ್ಯಾಥರೀನ್ ನನ್ನ ಸವತಿ ಎನ್ನುತ್ತಿದ್ದಳು, ಹುಳುವಿನಂತೆ ಗುಂಯ್‌ಗುಡುತ್ತದೆಂದು ರುದ್ರಸ್ವಾಮಿ ಕಣಜ ಎನ್ನುತ್ತಿದ್ದ. ಅವತ್ತು ಕ್ಸೇವಿಯರ್ ಸುದ್ದಿ ಕೇಳಿದೊಡನೆ ಸ್ಕೂಟರ್ ತೆಗೆದ. ಕಣಜದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಕ ಹಿಂದೆ ಕೂತ.

ಮಂಡಕಳ್ಳಿಯಲ್ಲಿ ಇಳಿದು ನೋಡಿದರೆ ರುದ್ರಸ್ವಾಮಿಗೆ ದಿಕ್ಕೇ ತಿಳಿಯಲಿಲ್ಲ. ಗುರುತಿನ ಹುಣಸೆಮರ ಇಲ್ಲ, ಬಾವಿ ಇಲ್ಲ. ಉದ್ದದ ಗೋಡೆ, ಅದರ ಈಚೆಗೆ ಆಳೆತ್ತರದ ಜಾಲಿ, ಲಂಟಾನ. ಬದುವಿನ ಕಲ್ಲು ಕಲ್ಲನ್ನೂ ಬಲ್ಲೆ ಎನ್ನುತ್ತಿದ್ದವನು ಮೂಡಣಕ್ಕೆ ಕೈ ತೋರಿಸಿದ. ಇಬ್ಬರೂ ಆ ಕಡೆ ಅರ್ಧ ಗಂಟೆ ಕೂಗಿ ಕೂಗಿ ನಡೆದರು. ಬಿಸಿಲೇರಿತು.

"ಬುಡಪ್ಪ ನಿನ್ನ ಕಣಜನ, ಮೇಲಿಂದ ಒಂದ್ಸಲ ನೋಡ್ಲಿ," ಎಂದ ರುದ್ರಸ್ವಾಮಿ.

ಕ್ಸೇವಿಯರ್ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ. ನಿಲ್ದಾಣದ ಸುತ್ತ ಕೆಂಪು ಬಳಿದಿತ್ತು. ಕೆಂಪಿನೊಳಗೆ ಕೇಂದ್ರದ ಒಪ್ಪಿಗೆ ಇಲ್ಲದೆ ಏನೂ ಹಾರುವಂತಿಲ್ಲ. ಸಾಲದ್ದಕ್ಕೆ ದಸರಾ, ಪೊಲೀಸರ ಆದೇಶ ಬೇರೆ.

"ನೆಲಕ್ಕೆ ನಮ್ಮ ಪೊಲೀಸ್ರು, ಆಕಾಶಕ್ಕೆ ದಿಲ್ಲಿಯೋರು ತಾತ. ಇಬ್ಬರನ್ನೂ ಕೇಳ್ಬೇಕು."

"ನನ್ನ ಹೊಲದ ಮ್ಯಾಲಿನ ಆಕಾಶಕ್ಕೆ ದಿಲ್ಲಿಯೋರ್ನ ಕೇಳ್ಬೇಕೇನೋ?"

"ಹೊಲ ಬರೆದುಕೊಟ್ಟ ದಿನಾನೇ ಆಕಾಶನೂ ಹೋಯ್ತು ಕಣಿ ತಾತ."

ಅವನು ಠಾಣೆಗೆ ಫೋನು ಹಚ್ಚಿ ನಿಂತ. ಹೆಂಡತಿ ಎಲ್ಲಿ ಬಿದ್ದಿದ್ದಾಳೋ, ಇವನು ಕಾನೂನು ಓದುತ್ತಿದ್ದಾನೆ ಎಂದು ಮುದುಕನಿಗೆ ಸಿಟ್ಟು ಬಂತು. ಹತ್ತು ವರ್ಷದ ನೆರೆಹೊರೆ ಇಷ್ಟೇನಾ ಎಂದುಕೊಂಡು ಮುಖ ತಿರುಗಿಸಿ ಕಲ್ಲಿನ ಮೇಲೆ ಕೂತ. ಅಷ್ಟರಲ್ಲಿ ನೆತ್ತಿಯ ಮೇಲೆ ಗುಡುಗಿದಂತಾಯಿತು. ವಿಮಾನವೊಂದು ಚಕ್ರ ಕಾಣುವಷ್ಟು ತಗ್ಗಿಗೆ ಬಂದು ಗೋಡೆಯಾಚೆ ಇಳಿಯಿತು. ಸಣ್ಣ ಸಣ್ಣ ಕಿಟಕಿ, ಒಳಗೆ ಜನ. ಕಣಜ ಬಿಡು ಎಂದು ತಾನು ಹಟ ಹಿಡಿದದ್ದು ಆ ವಿಮಾನದ ದಾರಿಗೇ. ಅವನು ಕಲ್ಲಿನಿಂದ ಎದ್ದು ಕ್ಸೇವಿಯರ್ ಪಕ್ಕಕ್ಕೆ ಬಂದು ನಿಂತ.

ಠಾಣೆಯ ಸಬ್ ಇನ್ಸ್‌ಪೆಕ್ಟರ್ ಧರಣಿ ಮೇಡಂ ನಿಲ್ದಾಣದವರೊಡನೆ ಮಾತಾಡಿ ತಿರುಗಿ ಫೋನು ಮಾಡಿದರು. ಒಪ್ಪಿಗೆ ಬಾಯಿಮಾತಿನಲ್ಲಿ ಸಿಗುವುದಲ್ಲ, ಕೇಳುತ್ತಿದ್ದೇನೆ, ಅಷ್ಟರಲ್ಲಿ ಅಜ್ಜಿಯ ಗುರುತು ಹೇಳಿ ಎಂದರು. ಸೀರೆ ಯಾವ ಬಣ್ಣದ್ದು? ರುದ್ರಸ್ವಾಮಿಗೆ ತಿಳಿಯದು. ಐವತ್ತೈದು ವರ್ಷ ಬಾಳಿದವನಿಗೆ ಬೆಳಿಗ್ಗೆ ಅವಳು ಉಟ್ಟ ಸೀರೆ ಗೊತ್ತಿರಲಿಲ್ಲ.

"ಕೈಯಾಗೆ ಹಿತ್ತಾಳೆ ತಂಬಿಗೆ ಅದೆ ಕಣವ್ವ," ಎಂದ. ಅಷ್ಟೇ ಗೊತ್ತಿದ್ದದ್ದು.

ಕಾಲು ಗಂಟೆಯಾಗಿರಬೇಕು. ಒಪ್ಪಿಗೆ ಬರಲಿಲ್ಲ, ಸುದ್ದಿ ಬಂತು. ಗೋಡೆಯ ಕಾವಲು ಗೋಪುರದವನು ಬೆಳಗಿನಿಂದ ಪಡುವಣದ ಪೊದೆಯಲ್ಲಿ ಏನೋ ಫಳಫಳ ಎನ್ನುವುದನ್ನು ಕಂಡು ಗಾಜಿನ ಚೂರು ಎಂದುಕೊಂಡಿದ್ದನಂತೆ. ತಂಬಿಗೆ ಎಂದು ಕೇಳಿದೊಡನೆ ದುರ್ಬೀನು ಹಿಡಿದು ನೋಡಿದ್ದಾನೆ.

ಪೆಟ್ಟಿಗೆಯ ಬೀಗವನ್ನೂ ತೆಗೆಯದೆ ಇಬ್ಬರೂ ಪಡುವಣಕ್ಕೆ ಓಡಿದರು. ಪಾರ್ವತಮ್ಮ ಮಣ್ಣಲ್ಲಿ ಅರ್ಧ ಹೂತ ಬದುವಿನ ಕಲ್ಲಿಗೆ ಒರಗಿ ಕೂತಿದ್ದಳು. ಎಲ್ಲ ಮರೆತವಳಿಗೆ ಹೊಲ ಗೊತ್ತಿತ್ತು. ಎಲ್ಲ ನೆನಪಿದ್ದವನಿಗೆ ಗೊತ್ತಾಗಲಿಲ್ಲ. ಹೊತ್ತಿನ ತುತ್ತು ತಪ್ಪಿ ಅವಳ ತುಟಿ ಬಿಳಿಚಿಕೊಂಡಿತ್ತು. ಕ್ಸೇವಿಯರ್ ಜೇಬಿನ ಪೆಪ್ಪರಮೆಂಟು ಅವಳ ಬಾಯಿಗಿಟ್ಟ.

"ಎಲ್ಲೋಗಿದ್ರಿ? ಮಜ್ಗೆ ಹುಳಿ ಬಂದ್ಬುಡ್ತು," ಎಂದಳು ಗಂಡನಿಗೆ.

ರುದ್ರಸ್ವಾಮಿ ಆ ಹುಳಿ ಮಜ್ಜಿಗೆಯನ್ನು ಅರ್ಧ ಕುಡಿದು ಉಳಿದದ್ದನ್ನು ಕ್ಸೇವಿಯರನ ಕೈಗಿಟ್ಟ.

"ಅಪ್ಪಣೆ ಕೇಳ್ದೆ ಹಾರಿಸಿದ್ರೆ ಮೂಡ್ಲಾಗೇ ಹುಡುಕ್ತಾ ಇರ್ತಿದ್ದೊ ಕಣೋ," ಎಂದ. ಸಿಟ್ಟಿನಲ್ಲಿ ಮುಖ ತಿರುಗಿಸಿ ಕೂತದ್ದನ್ನೂ ಹೇಳಿಬಿಟ್ಟ. ಕ್ಸೇವಿಯರ್, ಗೊತ್ತಾಯ್ತು ಬುಡಿ ತಾತ ಎಂದು ನಕ್ಕು ತಂಬಿಗೆ ಖಾಲಿ ಮಾಡಿದ.

ಆಮೇಲೆ ಆ ಮನೆಯ ಬಾಗಿಲಿಗೆ ಮೇಲುಚಿಲಕ ಬಂತು. ಹಬ್ಬ ಯಾವುದೇ ಇರಲಿ, ಮೊದಲ ಒಬ್ಬಟ್ಟು ಎದುರುಮನೆಗೆ ಹೋಯಿತು. ಕ್ರಿಸ್‌ಮಸ್ ಕೇಕನ್ನು ಪಾರ್ವತಮ್ಮ ಸಕ್ಕರೆ ಕಾಯಿಲೆ ಮರೆತು ಎರಡೆರಡು ಸಲ ಕೇಳಿದಳು. ಪೊದೆಯಲ್ಲಿ ಯಾರೂ ಇಲ್ಲದೆ ಪ್ರಾಣ ಬಿಡಬೇಕಿದ್ದವಳು ತನ್ನ ಹಾಸಿಗೆಯಲ್ಲಿ, ಗಂಡನ ತೋಳಿನ ಮೇಲೆ ತಲೆಯಿಟ್ಟು ಹೋದಳು. ಅದು ಮಾಘ ಮಾಸ, ಸೋಮವಾರ.